ಬಿರುಕು ಅಕ್ಷರದ ರಿಪೇರಿ

ಕೆಲವರ ಮನೆ ಮುಂದೆ, ಕರೆಯದಿದ್ದರೂ ಬೀದಿನಾಯಿಗಳು ಬಂದು ಮಲಗುತ್ತವಲ್ಲ, ಹಾಗೆ ನನ್ನ ಅಕ್ಷರಗಳ ಹಿಂದೆ ರಿಪೇರಿ ಮಾಡುವವರು ಬರುತ್ತಲೇ ಇರುತ್ತಾರೆ. ಒಬ್ಬರನ್ನು ಸಾಗಹಾಕಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಇನ್ನೊಬ್ಬರು.

ಮೊದಲು ಅಕ್ಷರದ ವಿಷಯ ಹೇಳಿಬಿಡುತ್ತೇನೆ. ನಾನು ಕನ್ನಡ ಫಾಂಟ್ ಮಾಡುತ್ತೇನೆ. ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡ ಬರೀ ಸೆಕೆಂಡ್ ಲ್ಯಾಂಗ್ವೇಜ್. ಅಕ್ಷರಗಳ ಮೇಲೆ ಪ್ರೀತಿ ಹುಟ್ಟಿದ್ದು ಚಿಕ್ಕವಳಿದ್ದಾಗ ಅಪ್ಪನ ಸ್ಕೂಟರಿನ ಮುಂದೆ ನಿಂತು ಅಂಗಡಿ ಬೋರ್ಡುಗಳನ್ನು ಕೂಡಿಸಿ ಕೂಡಿಸಿ ಓದುವಾಗ. ಚಾಮರಾಜಪೇಟೆಯ ಒಂದು ಸಂದಿಯಲ್ಲಿ ಹಳೆಯ ಹಿಟ್ಟಿನ ಗಿರಣಿಯೊಂದಿದೆ. ಅದರ ಗೋಡೆಯ ಮೇಲೆ ಯಾರೋ ಎಂದೋ ದಪ್ಪ ಬ್ರಷ್ಷಿನಲ್ಲಿ ‘ರಾಗಿ, ಗೋಧಿ, ಮೆಣಸಿನಪುಡಿ’ ಎಂದು ಬರೆದಿದ್ದಾರೆ. ಬಿಸಿಲಿಗೆ ಮಳೆಗೆ ಬಣ್ಣ ಎದ್ದು, ಅಲ್ಲಲ್ಲಿ ಬಿರುಕು ಬಿಟ್ಟು, ಗೋಧಿಯ ಗುಡಿಸು ಅರ್ಧ ಉದುರಿಹೋಗಿದೆ. ಆದರೂ ಆ ಅಕ್ಷರಗಳು ವಯಸ್ಸಾದ ಪೈಲ್ವಾನರ ಹಾಗೆ ಎದೆ ಸೆಟೆಸಿಕೊಂಡು ನಿಂತಿವೆ. ಅವುಗಳನ್ನು ನೋಡಿಯೇ ನಾನು ನನ್ನ ಫಾಂಟ್ ಮಾಡಿದ್ದು. ಒರಟು ಕಾಗದದ ಮೇಲೆ ಚಪ್ಪಟೆ ಬ್ರಷ್ಷಿನಿಂದ ಒಂದೊಂದೇ ಅಕ್ಷರ ಬರೆದು, ಬಣ್ಣ ಮುಗಿಯುತ್ತ ಬಂದಾಗ ಬೀಳುವ ಗೀರುಗಳನ್ನೂ ಬಿರುಕುಗಳನ್ನೂ ಹಾಗೇ ಉಳಿಸಿಕೊಂಡು ಕಂಪ್ಯೂಟರಿಗೆ ಹಾಕಿದೆ. ಹೆಸರು ‘ಗಿರಣಿ’ ಅಂತಲೇ ಇಟ್ಟೆ. ನಾನು ಮಾತಾಡಿದರೆ ಪಕ್ಕದಲ್ಲಿ ಕೂತವರಿಗೂ ಕೇಳುವುದಿಲ್ಲ. ಗಿರಣಿ ಮಾತ್ರ ಬೀದಿಯ ಆ ತುದಿಗೆ ಕೇಳುವ ಹಾಗೆ ಕೂಗುತ್ತದೆ.

ಬಿರುಕು ಯಾಕಿದೆ ಅಂತ ಯಾರಾದರೂ ಕೇಳಿದರೆ ನನಗೆ ಉತ್ತರ ಮೊದಲು ಇಂಗ್ಲಿಷಿನಲ್ಲಿ ಹೊಳೆಯುತ್ತದೆ. ಅದನ್ನು ಕನ್ನಡಕ್ಕೆ ತಂದು, ಧೈರ್ಯ ತಂದುಕೊಂಡು ಬಾಯಿ ತೆರೆಯುವಷ್ಟರಲ್ಲಿ ಕೇಳಿದವರು ಕಾಫಿ ಮುಗಿಸಿ ಎದ್ದಿರುತ್ತಾರೆ. ಹಾಗಾಗಿ ಯಾರು ಏನೇ ಹೇಳಲಿ, ನನ್ನ ಬಾಯಿಂದ ಬರುವುದು ಒಂದೇ ಮಾತು: “ಹೌದಾ?”

ಮನೆಯ ಪರೀಕ್ಷಕರು

ನಮ್ಮಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರಾಗಿದ್ದು ರಿಟೈರ್ ಆದವರು. ಲೆಕ್ಕದ ಉತ್ತರ ಸರಿಯಿದ್ದು ನಡುವೆ ಒಂದು ಸ್ಟೆಪ್ ಬಿಟ್ಟಿದ್ದರೂ ಮಾರ್ಕ್ಸ್ ಕತ್ತರಿಸುತ್ತಿದ್ದವರು. ಸಂಜೆ ವಾಕಿಂಗ್ ಮುಗಿಸಿ ಬಂದು, ನನ್ನ ಕುರ್ಚಿಯ ಹಿಂದೆ ನಿಂತು ಸ್ಕ್ರೀನ್ ನೋಡುತ್ತಾರೆ. ಅಲ್ಲಿ ದೊಡ್ಡದಾಗಿ ಒಂದು ‘ಳ’ ಇರುತ್ತದೆ, ಮೈತುಂಬ ಬಿರುಕು.

“ಮುಗೀತಾ?”

“ಮುಗೀತಪ್ಪ.”

“ಇನ್ನೂ ಬಿಳೀ ಬಿಳೀ ಕಾಣಿಸ್ತಿದೆಯಲ್ಲ, ಅಲ್ಲೆಲ್ಲ ತುಂಬೋದು ಬಾಕಿಯಾ?”

“ಅದು ಹಾಗೇ ಇರಬೇಕು ಅಪ್ಪ.”

ಅಪ್ಪ ತಲೆಯಾಡಿಸುತ್ತಾರೆ. ಆ ತಲೆಯಾಡಿಸುವಿಕೆ ನನಗೆ ಚೆನ್ನಾಗಿ ಗೊತ್ತು. ಹೋಂವರ್ಕ್ ಪುಸ್ತಕ ಮನೇಲೇ ಮರೆತೆ ಸಾರ್ ಅನ್ನುವ ಹುಡುಗರಿಗಾಗಿ ಅವರು ಸರ್ವೀಸಿನುದ್ದಕ್ಕೂ ಕಾದಿಟ್ಟುಕೊಂಡಿದ್ದು ಅದು.

ಪಾರ್ಕಿನಲ್ಲಿ ಅವರ ಗೆಳೆಯರು “ಮಗಳು ಏನ್ ಮಾಡ್ತಿದಾಳೆ ಮೇಷ್ಟ್ರೇ?” ಅಂತ ಕೇಳಿದರೆ ಅಪ್ಪನ ಉತ್ತರ, “ಏನೋ ಕಂಪ್ಯೂಟರ್ ಕೆಲಸ.” ಸುಳ್ಳಲ್ಲ. ಆದರೆ ಬ್ಯಾಂಕಿನಲ್ಲಿರುವವರೂ ಕಂಪ್ಯೂಟರ್ ಮುಂದೆಯೇ ಕೂತಿರುತ್ತಾರೆ, ಮೆಟ್ರೋ ಟಿಕೆಟ್ ಕೊಡುವವರೂ ಅಷ್ಟೇ. ‘ನನ್ನ ಮಗಳು ಅಕ್ಷರ ಮಾಡ್ತಾಳೆ’ ಅಂತ ಅಪ್ಪ ಒಂದೇ ಒಂದು ಸಲ ಯಾರ ಹತ್ತಿರವಾದರೂ ಹೇಳಲಿ ಅಂತ ನನಗೆ ಬಹಳ ಆಸೆಯಿತ್ತು. ಕೇಳುವ ಧೈರ್ಯ ಇರಲಿಲ್ಲ.

ಒಂದು ದಿನ ಅಮ್ಮನ ಹತ್ತಿರ ಹೇಳಿಕೊಂಡೆ. ಅಮ್ಮ ಹುರುಳಿಕಾಯಿ ಬಿಡಿಸುತ್ತ, “ಸುಮ್ನಿರೇ, ನನಗೇ ಅವರು ಇವತ್ತಿನ ತನಕ ಸಾರು ಚೆನ್ನಾಗಿದೆ ಅಂದಿಲ್ಲ. ‘ಉಪ್ಪು ಸರಿಯಾಗಿದೆ’ ಅಂತಾರೆ. ಅದೇ ನನಗೆ ನೂರಕ್ಕೆ ನೂರು” ಅಂದಳು.

ಮೆಷೀನಿನ ಮರ್ಯಾದೆ

ಗಿರಣಿಗೆ ಮೊದಲು ಸಿಕ್ಕ ಕೆಲಸ ಒಂದು ಸಂಗೀತ ಸಭೆಯ ಪೋಸ್ಟರ್. ಅಚ್ಚಾಗಿದ್ದು ಚಾಮರಾಜಪೇಟೆಯ ಒಂದು ಹಳೆಯ ಪ್ರೆಸ್ಸಿನಲ್ಲಿ. ಬೆಳಿಗ್ಗೆ ಪ್ರೆಸ್ಸಿನ ಯಜಮಾನರ ಫೋನ್ ಬಂತು.

“ಅಮ್ಮಾ, ನಿಮ್ಮ ಪೋಸ್ಟರ್ ಹಾಕ್ತಿದ್ದಂಗೇ ನಮ್ಮ ಮೆಷೀನ್‌ಗೆ ಏನೋ ಆಗಿದೆ. ಅಕ್ಷರ ಎಲ್ಲಾ ಸಿಪ್ಪೆ ಎದ್ದಂಗೆ ಬರ್ತಿದೆ.”

ನನಗೆ ಹೇಳಬೇಕಾದದ್ದೆಲ್ಲ ಗೊತ್ತಿತ್ತು. ಬಾಯಿಂದ ಬಂದದ್ದು, “ಹೌದಾ?”

“ನೀವೇನೂ ಯೋಚ್ನೆ ಮಾಡ್ಬೇಡಿ. ನಾವು ನೋಡ್ಕೋತೀವಿ” ಅಂತ ಇಟ್ಟುಬಿಟ್ಟರು.

ಮನಸ್ಸು ಕೇಳದೆ ಆಟೋ ಹಿಡಿದು ಹೋದೆ. ಅಷ್ಟರಲ್ಲಿ ರೋಲರುಗಳನ್ನೆಲ್ಲ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದಿದ್ದರು, ಇಂಕು ಬದಲಾಯಿಸಿದ್ದರು, ಹೊಸ ಪ್ಲೇಟ್ ಮಾಡಿಸಿದ್ದರು. ಆದರೂ ಬಿರುಕು ಹೋಗಿರಲಿಲ್ಲ. ಕೊನೆಗೆ ಯಾರದೋ ದೃಷ್ಟಿಯೇ ತಾಗಿದೆ ಅಂತ ತೀರ್ಮಾನವಾಗಿ, ನಾನು ಒಳಗೆ ಕಾಲಿಡುವಾಗ ಯಜಮಾನರು ಮೆಷೀನಿಗೆ ಕುಂಬಳಕಾಯಿ ನಿವಾಳಿಸುತ್ತಿದ್ದರು. ಮೆಷೀನಿನ ಹಣೆಗೆ, ಅಂದರೆ ಸ್ವಿಚ್ಚಿನ ಮೇಲ್ಗಡೆ, ಮೂರು ಬೆರಳು ವಿಭೂತಿ.

ಕುಂಬಳಕಾಯಿ ಒಡೆಯುವ ತನಕ ಕಾದೆ. ನಡುವೆ ಮಾತಾಡುವುದು ಸರಿಯಲ್ಲ ಅನಿಸಿತು. ಆಮೇಲೆ ಮೆಲ್ಲಗೆ, “ಸಾರ್, ಅದು ಹಾಗೇ ಇರಬೇಕು. ನಾನೇ ಹಾಗೆ ಮಾಡಿದ್ದು” ಅಂದೆ.

ಯಜಮಾನರು ನನ್ನನ್ನು ನೋಡಿದರು, ಪೋಸ್ಟರ್ ನೋಡಿದರು, ನೆಲದ ಮೇಲೆ ಹೋಳಾಗಿ ಬಿದ್ದಿದ್ದ ಕುಂಬಳಕಾಯಿ ನೋಡಿದರು.

“ಇದನ್ನ ಫೋನಲ್ಲೇ ಹೇಳಬಹುದಿತ್ತಲ್ಲಮ್ಮಾ?”

“ಹೌದಾ ಅಂದೆನಲ್ಲ ಸಾರ್.”

ಪಾಪ, ಬಯ್ಯಲಿಲ್ಲ. ಆದರೆ ಆವತ್ತು ಅವರು ಒಂದು ಪಾಠ ಕಲಿತರು. ಹೋದ ತಿಂಗಳು ನಾನು ಅಲ್ಲಿದ್ದಾಗ ಯಾರೋ ಗಿರಾಕಿ ಬಂದು, ಬಿಲ್ ಪುಸ್ತಕದಲ್ಲಿ ಅಂಗಡಿಯ ಹೆಸರು ಅರ್ಧಂಬರ್ಧ ಅಚ್ಚಾಗಿದೆ ಅಂತ ಜಗಳಕ್ಕೆ ನಿಂತರು. ಯಜಮಾನರು ಗಂಭೀರವಾಗಿ ನನ್ನ ಕಡೆ ಕೈ ತೋರಿಸಿ, “ಇದು ಡಿಸೈನ್ ಸಾರ್. ಈಗ ಇದೇ ನಡೀತಿರೋದು. ಬೇಕಾದ್ರೆ ಮೇಡಂನ ಕೇಳಿ” ಅಂದರು.

ಹಳೇ ಗಿರಾಕಿ

ಎನ್.ಆರ್. ಕಾಲೋನಿಯಲ್ಲಿ ಒಬ್ಬರು ಕಾಂಡಿಮೆಂಟ್ಸ್ ಅಂಗಡಿ ಹಾಕಿದರು. ಮೊದಲು ಯಾವುದೋ ಕಂಪನಿಯಲ್ಲಿದ್ದವರು, ಕೆಲಸ ಬಿಟ್ಟು ಕೋಡುಬಳೆಗೆ ಕೈ ಹಾಕಿದ್ದರು. “ಮೇಡಂ, ಬೋರ್ಡ್ ನೋಡಿದ್ರೆ ನಮ್ಮ ಅಂಗಡಿ ತಾತನ ಕಾಲದಿಂದ ಇದೆ ಅನ್ನಿಸ್ಬೇಕು” ಅಂದರು. ಗಿರಣಿ ಅಕ್ಷರದಲ್ಲಿ ಬೋರ್ಡ್ ಮಾಡಿಕೊಟ್ಟೆ. ಬೋರ್ಡ್ ಏರಿದ ವಾರವೇ ಅದರ ಮೇಲೊಂದು ಪಾರಿವಾಳ ಬಂದು ಕೂತಿತು. ಅಷ್ಟು ಹಳತಾಗಿ ಕಾಣುತ್ತಿತ್ತು.

ಒಂದು ದಿನ ಕೈಯಲ್ಲಿ ಕೊಡೆ ಹಿಡಿದ ಹಿರಿಯರೊಬ್ಬರು ಬಂದು, ಬೋರ್ಡನ್ನು ಬಹಳ ಹೊತ್ತು ನೋಡಿ, ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು ನಿಟ್ಟುಸಿರಿಟ್ಟರಂತೆ.

“ಸ್ಕೂಲಿಂದ ಬರ್ತಾ ಇಲ್ಲೇ ತಗೊಂಡು ತಿಂತಿದ್ದೆ ಕಣಯ್ಯ. ನಿಮ್ಮ ತಂದೆ ಕೈರುಚಿಯೇ ಬೇರೆ. ನಿನಗೆ ಅದು ಬಂದಿಲ್ಲ.”

ಅಂಗಡಿಯವರ ತಂದೆ ಜೀವನವಿಡೀ ಬ್ಯಾಂಕಿನಲ್ಲಿ ಕ್ಯಾಷಿಯರ್. ಹಾಲು ಉಕ್ಕಿದರೂ ಸ್ಟೌ ಆರಿಸಲು ಹೆಂಡತಿಯನ್ನು ಕರೆಯುವವರು. “ಏನ್ ಹೇಳ್ಲಿ ಮೇಡಂ, ಅವರು ಕಣ್ಣಲ್ಲಿ ನೀರು ತುಂಬ್ಕೊಂಡು ನಿಂತಿದ್ದಾರೆ. ತಪ್ಪಾಯ್ತು ಸಾರ್, ಸರಿ ಮಾಡ್ಕೋತೀನಿ ಅಂದೆ” ಅಂದರು ಅಂಗಡಿಯವರು. ಹಾಗೇ ಸರಿ ಮಾಡಿಕೊಂಡರು ಕೂಡ. ಇಂಗು ಸ್ವಲ್ಪ ಜಾಸ್ತಿ, ಒಣಕೊಬ್ಬರಿ ಒಂದು ಹಿಡಿ. ಮುಂದಿನ ವಾರ ಹಿರಿಯರು ಬಂದು ತಿಂದು, ಕಣ್ಣು ಮುಚ್ಚಿ, “ಹಾಂ. ಈಗ ನಿಮ್ಮ ತಂದೆ ಬಂದ್ರು ನೋಡು” ಅಂದರಂತೆ. ಆಮೇಲೆ ಅವರ ಗೆಳೆಯರ ಬಳಗವೂ ಬರತೊಡಗಿತು. ಎಲ್ಲರೂ ಸ್ಕೂಲಿನಿಂದ ಬರುತ್ತ ಅಲ್ಲೇ ತಿಂದವರೇ.

“ನಿಮ್ಮ ತಂದೆಯವರಿಗೆ ಹೇಳಿದ್ರಾ?” ಅಂತ ನಾನು ಕೇಳಿದೆ.

“ಹೇಳ್ಬಾರದಿತ್ತು ಮೇಡಂ. ಈಗ ಅವರೇ ದಿನಾ ಬಂದು ಗಲ್ಲಾದಲ್ಲಿ ಕೂತು, ಬಂದವರಿಗೆಲ್ಲ ‘ನನ್ನ ಕಾಲದಲ್ಲಿ ಹಿಟ್ಟು ಕಲಸೋ ರೀತಿಯೇ ಬೇರೆ ಇತ್ತು’ ಅಂತ ಹೇಳ್ತಿದ್ದಾರೆ.”

ರೌಡಿಯೂ ತೊಗರಿಬೇಳೆಯೂ

ಗಾಂಧಿನಗರದ ಒಂದು ಸಿನಿಮಾ ಆಫೀಸಿನಿಂದ ಕರೆ ಬಂತು. ಟೈಟಲ್‌ಗೆ ಗಿರಣಿ ಬೇಕಂತೆ. ಬಾಯಲ್ಲೊಂದು ‘ಹೌದಾ’ ಸಿದ್ಧ ಮಾಡಿಕೊಂಡು ಮೆಟ್ಟಿಲು ಹತ್ತಿದೆ. ಒಳಗೆ ಡೈರೆಕ್ಟರ್ ಬಹಳ ವಿನಯವಂತರು. ಬಿಸ್ಕತ್ತು ಕೊಟ್ಟು, ಮೆತ್ತನೆಯ ದನಿಯಲ್ಲಿ, “ಮೇಡಂ, ಅಕ್ಷರಕ್ಕೆ ಇನ್ನೂ ಸ್ವಲ್ಪ ಹೊಡೀಬೇಕು. ನೋಡಿದ್ರೆ ಜೈಲಿಂದ ಈಗ ತಾನೇ ಬಂದಂಗಿರ್ಬೇಕು” ಅಂದರು.

ಹೊಡೆದುಕೊಂಡು ಹೋದೆ. “ಸೂಪರ್ ಮೇಡಂ. ಇನ್ನೂ ಸ್ವಲ್ಪ.” ಮತ್ತೆ ಹೊಡೆದೆ. ಹೀಗೇ ಹೊಡೆದು ಹೊಡೆದು, ಒತ್ತಕ್ಷರ ಯಾವುದು ಗಾಯ ಯಾವುದು ಅಂತ ನನಗೇ ತಿಳಿಯದಂತಾದಾಗ, ಡೈರೆಕ್ಟರ್ ಕಣ್ಣರಳಿಸಿ ಪ್ರೊಡ್ಯೂಸರನ್ನು ಕರೆದು ತೋರಿಸಿದರು. ಪ್ರೊಡ್ಯೂಸರ್ ಕುರ್ಚಿಯಿಂದ ಎದ್ದೇ ನಿಂತರು.

“ಬೆಂಕಿ ಗುರು! ರೋಮ ಎದ್ದು ನಿಲ್ತು.” ನನ್ನ ಕಡೆ ತಿರುಗಿ, “ಏನಂತ ಬರ್ದಿದೀರಮ್ಮ?”

ಇದೇ ಹೊತ್ತಿಗೆ ತರಗುಪೇಟೆಯ ಬೇಳೆ ವ್ಯಾಪಾರಿಗಳೊಬ್ಬರೂ ತಮ್ಮ ಮೂಟೆಗಳಿಗೆ ಅದೇ ಅಕ್ಷರ ಹಾಕಿಸಿಕೊಂಡಿದ್ದರು. ತಲೆಮಾರುಗಳಿಂದ ಪೇಟೆಯಲ್ಲಿರುವ ಮನೆತನ, ಹಣೆ ತುಂಬ ವಿಭೂತಿ, ಮಾತು ಕಡಿಮೆ. ಅವರ ಗೋಡೌನಿನ ಎದುರು ಗೋಡೆಗೇ ಸಿನಿಮಾ ಪೋಸ್ಟರ್ ಅಂಟಿತು. ಒಂದು ಕಡೆ ಮಚ್ಚು ಹಿಡಿದ ಹೀರೋ, ಇನ್ನೊಂದು ಕಡೆ ತೊಗರಿಬೇಳೆ ಮೂಟೆಗಳು. ಎರಡಕ್ಕೂ ಒಂದೇ ಕೈಬರಹ. ಬಂದವರೆಲ್ಲ “ಪಿಕ್ಚರಿಗೆ ನೀವೇ ದುಡ್ಡು ಹಾಕಿದೀರಂತೆ?” ಅಂತ ವ್ಯಾಪಾರಿಗಳನ್ನು ಕೇಳತೊಡಗಿದರು. ಬೇಜಾರಾಗಿರಬೇಕು ಅಂತ ಹೆದರಿಕೊಂಡೇ ನೋಡಲು ಹೋದೆ.

“ಕೂತ್ಕೊಮ್ಮ, ಮಜ್ಜಿಗೆ ಕುಡಿ” ಅಂದರು. ಎದುರಿನ ಪೋಸ್ಟರನ್ನು ಸ್ವಲ್ಪ ಹೊತ್ತು ನೋಡಿ, “ಪಿಕ್ಚರ್ ಹೆಂಗೈತೋ ಗೊತ್ತಿಲ್ಲ. ನಮ್ಮ ಬೇಳೆ ಮಾತ್ರ ಎರಡು ವಿಷಲ್‌ಗೆ ಬೆಂದೋಗ್ತದೆ” ಅಂದರು.

ಪಿಕ್ಚರ್ ಅಷ್ಟೂ ತಡೆಯಲಿಲ್ಲ. ಒಂದೇ ವಿಷಲ್.

ಗಂಡಿನ ಕಡೆಯ ಬಿರುಕು

ನನ್ನ ಸ್ಕೂಲ್ ಗೆಳತಿಯೊಬ್ಬಳು ಮಲ್ಲೇಶ್ವರದವಳು. ತನ್ನ ಲಗ್ನಪತ್ರಿಕೆಯಲ್ಲಿ ಹುಡುಗ ಹುಡುಗಿಯ ಹೆಸರು ಗಿರಣಿಯಲ್ಲೇ ಇರಬೇಕು ಅಂತ ಹಠ ಹಿಡಿದಳು. ಪ್ರೂಫ್ ತೆಗೆದುಕೊಂಡು ಅವರ ಮನೆಗೆ ಹೋದೆ. ಅವಳ ಅಜ್ಜಿ ಕನ್ನಡಕ ಏರಿಸಿ ನೋಡಿದರು.

“ಶುಭಕಾರ್ಯದ ಕಾಗದದಲ್ಲಿ ಬಿರುಕಾ? ಯಾರಮ್ಮ ಬರೆದಿದ್ದು ಇದನ್ನ?”

ನಾನು ಕೈಯಲ್ಲಿದ್ದ ಲೋಟದೊಳಗೆ ಮುಖ ಮರೆಸಿಕೊಂಡೆ. ಗೆಳತಿ ಅತ್ತಳು. ಅವಳ ಅಮ್ಮ ಸಮಾಧಾನ ಮಾಡಿದರು. ಕೊನೆಗೆ ಅಜ್ಜಿಯೇ ರಾಜಿಗೆ ಬಂದರು. ನಮ್ಮ ಹುಡುಗಿ ಹೆಸರಲ್ಲಿ ಒಂದು ಗೀರೂ ಇರಬಾರದು. ಹುಡುಗನ ಹೆಸರು ಅವರ ಮನೆಯ ವಿಷಯ, ನಮಗ್ಯಾಕೆ? ಸರಿ, ಹಾಗೇ ಅಚ್ಚಾಯಿತು. ಹುಡುಗಿಯ ಹೆಸರು ಈಗ ತಾನೇ ಎರೆದ ದೋಸೆಯ ಹಾಗೆ ನುಣ್ಣಗೆ, ಹುಡುಗನ ಹೆಸರು ಸುಣ್ಣ ಉದುರಿದ ಗೋಡೆಯ ಹಾಗೆ.

ಮದುವೆಯ ದಿನ ಊಟದ ಪಂಕ್ತಿಯಲ್ಲಿ ಹುಡುಗನ ಸೋದರಮಾವ ಪತ್ರಿಕೆ ಹಿಡಿದುಕೊಂಡು ಬಂದೇಬಿಟ್ಟರು. “ಏನ್ರೀ ಇದು? ನಮ್ಮ ಹುಡುಗನ ಹೆಸರು ಮಾತ್ರ ಯಾಕೆ ಹೀಗೆ?”

ನಾನು ಹೋಳಿಗೆಯ ಮೇಲೆ ಇನ್ನಷ್ಟು ಬಗ್ಗಿದೆ. ಪಕ್ಕದ ಎಲೆಯ ಮುಂದೆ ಕೂತಿದ್ದ ಅಜ್ಜಿ ತುಪ್ಪ ಹಾಕಿಸಿಕೊಳ್ಳುತ್ತ ತಲೆ ಎತ್ತದೆ ಹೇಳಿದರು: “ಇವತ್ತಿಂದ ನಮ್ಮ ಹುಡುಗಿ ಕೈಗೆ ಬಂದನಲ್ಲ, ಇನ್ಮೇಲೆ ಸರಿಹೋಗ್ತಾನೆ ಬಿಡಿ.”

ಕಪ್ಪು ಮಾರ್ಕರ್

ಇಷ್ಟೆಲ್ಲ ಆದ ಮೇಲೆ ಬಸವನಗುಡಿಯಲ್ಲಿ ಅಕ್ಷರಪ್ರಿಯರ ಸಣ್ಣ ಬಳಗವೊಂದು ಪ್ರದರ್ಶನ ಇಟ್ಟುಕೊಂಡಿತು. ಗಿರಣಿಯನ್ನು ದೊಡ್ಡ ಹಾಳೆಗಳಲ್ಲಿ ತೂಗುಹಾಕಬೇಕು, ನಾನು ನಾಲ್ಕು ಮಾತಾಡಬೇಕು. ಹಾಳೆಗಳು ಸರಿ, ಪ್ರೆಸ್ಸಿನ ಯಜಮಾನರೇ ಅಚ್ಚು ಹಾಕಿಕೊಟ್ಟರು. ಮಾತು ಅಂದ ಕೂಡಲೇ ನನಗೆ ಜ್ವರ ಬಂದಂತಾಯಿತು. ಆದರೆ ಅಪ್ಪನ ಪಾರ್ಕಿನ ಗೆಳೆಯರೂ ಬರುತ್ತಾರೆ ಅಂತ ಗೊತ್ತಾದಾಗ, ಇದೇ ಸಮಯ ಅಂದುಕೊಂಡೆ. ಎಲ್ಲರ ಎದುರು ನನ್ನ ಕೆಲಸ ನೋಡಿದರೆ ಅಪ್ಪ ಇನ್ನು ‘ಏನೋ ಕಂಪ್ಯೂಟರ್’ ಅನ್ನಲಾರರು. ಮಾತನ್ನು ಕನ್ನಡದಲ್ಲೇ ಬರೆದು, ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿದೆ.

ಆವತ್ತು ಬೆಳಿಗ್ಗೆ ನಾನು ಸೀರೆಯ ನೆರಿಗೆಯ ಜೊತೆ ಒದ್ದಾಡುತ್ತಿದ್ದಾಗ ಅಪ್ಪ, “ನಾನು ಮೊದಲು ಹೋಗಿ ಹಾಳೆ ನೇತುಹಾಕಿಸಿರ್ತೀನಿ. ನೀವಿಬ್ಬರೂ ನಿಧಾನಕ್ಕೆ ಬನ್ನಿ” ಅಂತ ಸ್ಕೂಟರ್ ಹತ್ತಿದರು. ಇಷ್ಟು ಉತ್ಸಾಹ ನೋಡಿ ನನಗೂ ಅಮ್ಮನಿಗೂ ಆಶ್ಚರ್ಯ.

ನಾವು ಹಾಲಿಗೆ ಹೋದಾಗ ಅಪ್ಪ ಸ್ಟೂಲಿನ ಮೇಲೆ ನಿಂತಿದ್ದರು. ಒಂದು ಕೈಯಲ್ಲಿ ಸ್ಕೇಲು, ಇನ್ನೊಂದರಲ್ಲಿ ದಪ್ಪನೆಯ ಕಪ್ಪು ಮಾರ್ಕರ್. ಬಿಳಿ ಷರ್ಟಿನ ತೋಳು ಮೊಣಕೈವರೆಗೆ ಕಪ್ಪು. ಎದುರಿಗೆ ಗೋಡೆಯಗಲದ ಹಾಳೆ, ಅದರಲ್ಲಿ ಆಳೆತ್ತರದ ಮೂರಕ್ಷರ: ‘ಗಿರಣಿ’. ‘ಗಿ’ಯಲ್ಲಿ ಒಂದೇ ಒಂದು ಬಿರುಕು ಉಳಿದಿರಲಿಲ್ಲ. ಹೊಸ ಶೂ ಪಾಲಿಷಿನ ಹಾಗೆ ಮಿರಮಿರ. ‘ರ’ದ ಅರ್ಧಕ್ಕೆ ಬರುವಷ್ಟರಲ್ಲಿ ಮಾರ್ಕರ್ ಒಣಗುತ್ತ ಬಂದು ಕರಕರ ಗೀರುಗಳು ಎದ್ದಿದ್ದವು. ‘ಣಿ’ ನಾನು ಮಾಡಿದ ಹಾಗೇ ಇತ್ತು.

“ಅಪ್ಪಾ!”

“ಬಂದ್ಯಾ ಪುಟ್ಟಿ? ಇನ್ನು ಒಂದೂವರೆ ಅಕ್ಷರ ಅಷ್ಟೇ.” ಅಪ್ಪ ಬೆವರು ಒರೆಸಿಕೊಂಡರು. ಹಣೆಯೂ ಕಪ್ಪಾಯಿತು.

“ಅದು ಹಾಗೇ ಇರಬೇಕು ಅಂತ ಹೇಳಿದ್ನಲ್ಲಪ್ಪ...”

ಅಪ್ಪ ಸ್ಟೂಲಿನಿಂದ ಇಳಿದು, ಯಾರಿಗೂ ಕೇಳದ ಹಾಗೆ ನನ್ನ ಹತ್ತಿರ ಬಗ್ಗಿದರು. “ಟೈಮ್ ಸಾಲದೆ ಹಾಗಂತೀಯ ಅಂತ ನನಗೆ ಗೊತ್ತಾಗಲ್ವೇನೇ? ಎಷ್ಟು ಮಕ್ಕಳನ್ನ ನೋಡಿದೀನಿ. ಇಷ್ಟು ಜನ ಬರ್ತಾರೆ, ಅರ್ಧ ಮಾಡಿ ಬಿಟ್ಟಿದಾಳೆ ಅಂತ ಯಾರಾದ್ರೂ ನಕ್ಕರೆ? ನಿನಗೋ ಎದುರು ಮಾತಾಡಕ್ಕೂ ಬರಲ್ಲ.”

ಅಮ್ಮ ಹಿಂದಿನಿಂದ, “ತಿಂಡಿ ಕೂಡ ತಿನ್ನದೆ ಓಡಿಬಂದಿದ್ದು ಇದಕ್ಕಾ?” ಅಂದಳು. ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

ಅಷ್ಟರಲ್ಲಿ ಜನ ಬಂದೇಬಿಟ್ಟರು. ಪಾರ್ಕಿನ ಗೆಳೆಯರು, ಪ್ರೆಸ್ಸಿನ ಯಜಮಾನರು, ಎಲ್ಲರ ಮುಂದೆ ಆವತ್ತಿನ ಅತಿಥಿಯಾಗಿದ್ದ ಚಿತ್ರಕಲೆಯ ಹಿರಿಯ ಮೇಡಂ. ಅವರು ಸೀದಾ ಆ ಹಾಳೆಯ ಮುಂದೆ ಹೋಗಿ ನಿಂತರು. ಹತ್ತಿರ ಹೋದರು, ಹಿಂದೆ ಬಂದರು, ಮತ್ತೆ ಹತ್ತಿರ ಹೋದರು.

“ಇದು ಯಾರು ಮಾಡಿದ್ದು?”

ನಾನು ಬಾಯಿ ತೆರೆದೆ. ಗಾಳಿ ಬಂತು, ಮಾತು ಬರಲಿಲ್ಲ. ಮೇಡಂ ನನ್ನನ್ನು ಬಯ್ಯುತ್ತಾರೆ ಅಂತಲೇ ಅಂದುಕೊಂಡ ಅಪ್ಪ, ಕಪ್ಪು ಹಣೆ, ಕಪ್ಪು ತೋಳು, ಕೈಯಲ್ಲಿ ಸ್ಕೇಲಿನ ಸಮೇತ ನನ್ನ ಮುಂದೆ ಬಂದು ನಿಂತರು. ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ, “ನನ್ನ ಮಗಳು ಮಾಡಿದ್ದು. ಅವಳು ಅಕ್ಷರ ಮಾಡ್ತಾಳೆ. ಇಡೀ ಅಕ್ಷರಮಾಲೆ ಕೈಯಲ್ಲೇ ಬರ್ದಿದಾಳೆ” ಅಂದರು.

ನಾನು ಇಷ್ಟು ದಿನ ಕಾದಿದ್ದ ಮಾತು. ಕೇಳಿಸಿಕೊಂಡು ಕಣ್ಣು ತುಂಬುವಷ್ಟರಲ್ಲಿ ಅಪ್ಪ ಮುಂದುವರಿಸಿದರು: “ಸ್ವಲ್ಪ ಬಾಕಿ ಇದೆ. ಕಾಫಿ ಆದ ಮೇಲೆ ನಾನು ಮುಗಿಸಿಕೊಡ್ತೀನಿ.”

“ಅಯ್ಯೋ, ಮುಟ್ಟಬೇಡಿ ಸರ್!” ಮೇಡಂ ಕೈ ಅಡ್ಡ ಹಿಡಿದರು. “ಜೀವ ಇರೋದೇ ಆ ಬಿರುಕಲ್ಲಿ. ‘ಣಿ’ ನೋಡಿ, ಎಷ್ಟು ಚೆನ್ನಾಗಿದೆ. ಈ ಮೊದಲನೇ ಅಕ್ಷರ ಮಾತ್ರ ಯಾಕೋ ಸಪ್ಪೆ.”

ಹಿಂದಿನಿಂದ ಪ್ರೆಸ್ಸಿನ ಯಜಮಾನರು, “ನಾನಂತೂ ಏನೂ ಮಾಡಿಲ್ಲಪ್ಪ, ಹಾಗೇ ಕೊಟ್ಟಿದೀನಿ” ಅಂತ ಮೊದಲೇ ಕೈ ತೊಳೆದುಕೊಂಡರು.

ಅಪ್ಪ ‘ಗಿ’ಯನ್ನು ನೋಡಿದರು, ‘ಣಿ’ಯನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಮೆಲ್ಲಗೆ ಮಾರ್ಕರಿನ ಕ್ಯಾಪ್ ಮುಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ನನ್ನ ಪಕ್ಕಕ್ಕೆ ಬಂದು, ಬಹಳ ಮುಖ್ಯವಾದ ಸುದ್ದಿಯನ್ನು ಮೊದಲ ಬಾರಿಗೆ ಹೇಳುವವರ ಹಾಗೆ, ಕಿವಿಯಲ್ಲಿ ಪಿಸುಗುಟ್ಟಿದರು.

“ಪುಟ್ಟಿ, ನೀನೂ ತಿಳ್ಕೊಂಡಿರು. ಅದು ಹಾಗೇ ಇರಬೇಕಂತೆ.”

ನಾನು ಅಪ್ಪನ ಹಣೆಯ ಕಪ್ಪನ್ನು ಸೆರಗಿನ ತುದಿಯಿಂದ ಒರೆಸುತ್ತ ಹೇಳಿದೆ:

“ಹೌದಾ?”